‘ಬೆಳಕು ಸಾಲದು’ ಅಂದವರು ಹೇಳುತ್ತಿದ್ದದ್ದೇನು? ನಿವೃತ್ತರ ಬಡಾವಣೆಯೊಂದರ ಸೌರದೀಪ ಪ್ರಕರಣ

ದೂರು ಪುಸ್ತಕದ ಒಂದು ಪುಟದಲ್ಲಿ ‘ಬೆಳಕು ವಿಪರೀತ, ಕಣ್ಣು ಬಿಡಲಾಗುತ್ತಿಲ್ಲ’ ಎಂದಿತ್ತು. ಅದರ ಕೆಳಗೇ, ಬೇರೆ ಕೈಬರಹದಲ್ಲಿ, ‘ಬೆಳಕು ಏನೇನೂ ಸಾಲದು’. ಎರಡೂ ಒಂದೇ ಕಂಬದ ಮೇಲಿನ ದೂರು, ಬರೆದದ್ದು ಒಂದೇ ವಾರದಲ್ಲಿ. ಆಡಳಿತ ಸಮಿತಿಯವರು ಆ ಪುಟ ತೋರಿಸಿ ನಕ್ಕರು. “ನೋಡಿ ಸಾರ್, ಇವರನ್ನ ಯಾರು ಮೆಚ್ಚಿಸೋಕಾಗುತ್ತೆ?” ನಾನೂ ಜೊತೆಗೂಡಿ ನಕ್ಕೆ. ಇಬ್ಬರು ಬರೆದದ್ದೂ ನಿಜವೇ ಎಂದು ಗೊತ್ತಾಗಲು ಇನ್ನೂ ಹದಿನೈದು ದಿನ ಬೇಕಾಯಿತು.

ನಾನು ಹೊರಾಂಗಣ ದೀಪಗಳ ವಿನ್ಯಾಸ ಮಾಡುವವನು. ಈ ದೀಪಗಳನ್ನು ಹಾಕಿಸಿದವನು ನಾನಲ್ಲ. ಹಾಕಿ ಐದು ತಿಂಗಳಾದ ಮೇಲೆ ಜಗಳ ಬಿಡಿಸಲೆಂದು ಕರೆಸಿಕೊಂಡವನು. ಯಾರ ಗುರುತೂ ಸಿಗಬಾರದೆಂದು ಮನೆಗಳ ಲೆಕ್ಕ, ಕಂಬಗಳ ಸಂಖ್ಯೆ, ಜನರ ಹಿಂದಿನ ವೃತ್ತಿ ಮುಂತಾದವನ್ನು ಸ್ವಲ್ಪ ಬದಲಿಸಿದ್ದೇನೆ. ದೀಪಗಳು ನಡೆದುಕೊಂಡ ರೀತಿಯನ್ನು ಬದಲಿಸಿಲ್ಲ.

ಹಿನ್ನೆಲೆ

ಒಂದೇ ಅಂತಸ್ತಿನ 90 ಚಿಲ್ಲರೆ ಮನೆಗಳು, ನಡುವೆ ಒಂದು ಸಭಾಭವನ, ಸುತ್ತ ನಡೆದಾಡುವ ದಾರಿ, ದಾರಿಯುದ್ದಕ್ಕೂ ದೊಡ್ಡ ದೊಡ್ಡ ಮರ. ನಿವಾಸಿಗಳಲ್ಲಿ ಹೆಚ್ಚಿನವರು 70 ದಾಟಿದವರು. ಸಂಜೆ ಊಟಕ್ಕೆ ಮುಂಚೆ ಒಂದು ಸುತ್ತು, ಬೆಳಗಿನ ಜಾವ ಇನ್ನೊಂದು ಸುತ್ತು ನಡೆಯುವುದು ಅಲ್ಲಿನ ರೂಢಿ. ಮೊದಲು ಅಲ್ಲಿದ್ದದ್ದು ಹಳದಿ ಸೋಡಿಯಂ ದೀಪಗಳು. ನೆಲದಡಿಯ ಕೇಬಲ್ ಹಳತಾಗಿ, ಮಳೆ ಬಂದಾಗಲೆಲ್ಲ ಒಂದಿಡೀ ಸಾಲು ಕತ್ತಲಾಗುತ್ತಿತ್ತು. ಮತ್ತೆ ನೆಲ ಅಗೆಯುವುದಕ್ಕಿಂತ ಸೋಲಾರ್ ಹಾಕುವುದೇ ಲೇಸೆಂದು ಸಮಿತಿ ತೀರ್ಮಾನಿಸಿತು. ತೀರ್ಮಾನ ಸರಿಯಾಗಿಯೇ ಇತ್ತು. ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಆರಿಸಿಕೊಂಡದ್ದು ಪ್ಯಾನೆಲ್, ಬ್ಯಾಟರಿ, ದೀಪ, ಯಾರಾದರೂ ಬಂದಾಗ ದೀಪವನ್ನು ಪೂರ್ತಿ ಬೆಳಗಿಸುವ ಸೆನ್ಸರ್ ಎಲ್ಲವೂ ಒಂದೇ ಡಬ್ಬಿಯಲ್ಲಿರುವ ಮಾದರಿ. ಕಂಬಕ್ಕೆ ಸಿಕ್ಕಿಸಿದರೆ ಮುಗಿಯಿತು, ತಂತಿ ಎಳೆಯುವ ಕೆಲಸವಿಲ್ಲ. ಹೀಗೆ 42 ಕಂಬ ಎದ್ದವು. ಆದರೆ ಈ ಮಾದರಿಯಲ್ಲಿ ಒಂದು ತೊಡಕುಂಟು: ದೀಪ ಎಲ್ಲಿದೆಯೋ ಪ್ಯಾನೆಲ್ ಕೂಡ ಅಲ್ಲೇ ಇರಬೇಕು. ದಾರಿಗೆ ದೀಪ ಬೇಕು, ದಾರಿಯ ಮೇಲೆ ಮರದ ನೆರಳು, ಹಾಗಾಗಿ ಪ್ಯಾನೆಲ್ಲಿಗೂ ನೆರಳು. ಪ್ಯಾನೆಲ್ಲಿನ ಕೋಶಗಳು ಸರಣಿಯಾಗಿ ಜೋಡಿಸಿರುತ್ತವೆ. ಒಂದೆರಡರ ಮೇಲೆ ಒಂದು ರೆಂಬೆಯ ನೆರಳು ಬಿದ್ದರೂ ಸಾಲಿನ ವಿದ್ಯುತ್ತೆಲ್ಲ ಅಲ್ಲಿಗೇ ಕುಗ್ಗುತ್ತದೆ. ಕಾಲು ಭಾಗ ನೆರಳಿದ್ದರೆ ಕಾಲು ಭಾಗವಷ್ಟೇ ನಷ್ಟ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ದೀಪದ ಬಣ್ಣ 6,500 ಕೆಲ್ವಿನ್, ನೀಲಿ ಬೆರೆತ ಅಚ್ಚ ಬಿಳಿ. ಕೆಲ್ವಿನ್ ಅಂಕಿ ಏರಿದಷ್ಟೂ ಬೆಳಕು ನೀಲಿಯತ್ತ (‘ತಣ್ಣಗೆ’), ಇಳಿದಷ್ಟೂ ಹಳದಿಯತ್ತ (‘ಬೆಚ್ಚಗೆ’) ವಾಲುತ್ತದೆ. ಬಿಳಿ ಎಲ್‌ಇಡಿ ಎಂದರೆ ಒಳಗೆ ನೀಲಿ ಬೆಳಕು ಕೊಡುವ ಚಿಪ್, ಅದರ ಮೇಲೆ ಹಳದಿ ಫಾಸ್ಫರ್ ಲೇಪ. ಬಣ್ಣ ತಣ್ಣಗಿದ್ದಷ್ಟೂ ಅಷ್ಟೇ ವಿದ್ಯುತ್ತಿಗೆ ಒಂದಿಷ್ಟು ಹೆಚ್ಚು ಲ್ಯೂಮೆನ್, ಅಂದರೆ ಹೆಚ್ಚು ಬೆಳಕು, ಸಿಗುತ್ತದೆ. ಬ್ಯಾಟರಿ ಚಿಕ್ಕದಿರುವ ಸೋಲಾರ್ ದೀಪದಲ್ಲಿ ಆ ಒಂದಿಷ್ಟಕ್ಕೂ ಬೆಲೆಯುಂಟು, ಆದ್ದರಿಂದ ಮಾರುವವರು ಅದನ್ನೇ ಮುಂದಿಡುತ್ತಾರೆ. ಯಾವ ಬಣ್ಣ ಬೇಕೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಚಪ್ಪಾಳೆಯಿಂದ ದೂರಿನವರೆಗೆ

ಮೊದಲ ಎರಡು ವಾರ ಹಬ್ಬದ ವಾತಾವರಣವಿತ್ತಂತೆ. ಕರೆಂಟು ಹೋದ ರಾತ್ರಿ ಮನೆಗಳೆಲ್ಲ ಕತ್ತಲಾಗಿ ದಾರಿ ಮಾತ್ರ ಬೆಳಗುತ್ತಿದ್ದಾಗ ಜನ ಹೊರಬಂದು ನಿಂತು ನೋಡಿದರಂತೆ. ಅವರಲ್ಲೊಬ್ಬರು ನಿವೃತ್ತ ಎಂಜಿನಿಯರ್, ಈ ಯೋಜನೆಗಾಗಿ ವರ್ಷವಿಡೀ ಓಡಾಡಿದವರು. ಅಂದು ಅವರಿಗೆ ಎಲ್ಲರೂ ಕೈಕುಲುಕಿದ್ದರು.

ಎರಡನೇ ತಿಂಗಳಿಂದ ದೂರು ಪುಸ್ತಕ ತುಂಬತೊಡಗಿತು. ಮಲಗುವ ಕೋಣೆಯ ಕಿಟಕಿಗೆ ನೇರವಾಗಿ ಬಡಿಯುತ್ತದೆ. ದೀಪದ ಕಡೆ ನಡೆದರೆ ಎದುರಿಗೆ ಬರುವವರ ಮುಖ ಕಾಣುವುದಿಲ್ಲ. ಬೆಳಗಿನ ಜಾವ ಆರಿಹೋಗಿರುತ್ತದೆ. ಹುಳ ಮುತ್ತುತ್ತವೆ. ನಾನು ಹೋದಾಗ ಹೊತ್ತಿಕೊಳ್ಳುವುದಿಲ್ಲ. ಈ ಕೊನೆಯದನ್ನು ಮೂರು ಜನ ಬರೆದಿದ್ದರು. ಮೂವರಿಗೂ ‘ಪರೀಕ್ಷಿಸಲಾಗಿದೆ, ದೀಪ ಸರಿಯಾಗಿದೆ’ ಎಂಬ ಉತ್ತರ ಬಂದಿತ್ತು. ಪರೀಕ್ಷಿಸಿದವರು ಇಪ್ಪತ್ತೈದರ ಹುಡುಗ. ಇದು ಮುಂದೆ ಬರುತ್ತದೆ.

ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿ ಎಲ್ಲಕ್ಕಿಂತ ದೊಡ್ಡದಿತ್ತು. ಸಂಜೆ ದಾರಿಯಲ್ಲಿ ನಡೆಯುವವರು ಕಡಿಮೆಯಾಗಿದ್ದರು. ಅದನ್ನು ಯಾರೂ ದೂರಾಗಿ ಬರೆದಿರಲಿಲ್ಲ, ಸುಮ್ಮನೆ ಮನೆಯಲ್ಲಿ ಉಳಿದಿದ್ದರು. ಕೇಳಿದರೆ ‘ಈಚೆಗೆ ಮಂಡಿ ನೋವು’ ಎನ್ನುತ್ತಿದ್ದರು. ಮಂಡಿ ನೋವು ಸುಳ್ಳಲ್ಲ, ಆದರೆ ಅದು ಹೊಸದೂ ಅಲ್ಲ.

ಮೊದಲ ಮದ್ದು: ಇನ್ನಷ್ಟು ಬೆಳಕು

ನಾನು ಹೋಗುವ ಮೊದಲೇ ಸಮಿತಿ ಒಂದು ಪ್ರಯತ್ನ ಮಾಡಿತ್ತು. ‘ಸಾಲದು’ ಎಂಬ ದೂರುಗಳೇ ಹೆಚ್ಚಿದ್ದರಿಂದ ರಿಮೋಟ್ ತರಿಸಿ, ಎಲ್ಲ ದೀಪಗಳನ್ನೂ ರಾತ್ರಿಯಿಡೀ ಪೂರ್ತಿ ಉರಿಯುವಂತೆ ಬದಲಿಸಿತು. ಕೇಳಿದ್ದನ್ನೇ ಕೊಟ್ಟೆವಲ್ಲ ಎಂಬ ಸಮಾಧಾನ ಅವರಿಗೆ.

ಕೂಡಿ ಕಳೆದಿದ್ದರೆ ಅಂದೇ ಗೊತ್ತಾಗುತ್ತಿತ್ತು. ದೀಪ 15 ವ್ಯಾಟಿನದು. ಬ್ಯಾಟರಿ 12.8 ವೋಲ್ಟ್, 12 ಆಂಪಿಯರ್-ಅವರ್, ಅಂದರೆ ಸುಮಾರು 154 ವ್ಯಾಟ್-ಅವರ್. ಪೂರ್ತಿ ಉರಿದರೆ ಹತ್ತು ಗಂಟೆ. ಸಂಜೆ ಆರೂವರೆಗೆ ಹೊತ್ತಿಕೊಂಡದ್ದು ನಾಲ್ಕೂವರೆಗೆ ಬರಿದು, ಅದೂ ಹಗಲಲ್ಲಿ ಬ್ಯಾಟರಿ ಪೂರ್ತಿ ತುಂಬಿದ್ದರೆ. ಮರದ ನೆರಳಿನವು ಅರ್ಧ ತುಂಬುವುದೂ ಕಷ್ಟ. ಅವು ಹನ್ನೊಂದೂವರೆಗೇ ಕಣ್ಣು ಮುಚ್ಚಿದವು. ಹೊಸ ಸಮಸ್ಯೆ ಹುಟ್ಟಿದ್ದು ಇಲ್ಲಿ: ಮಲಗುವ ಹೊತ್ತಿನಲ್ಲಿ ಕಣ್ಣು ಕೋರೈಸುವಷ್ಟು ಬೆಳಕು, ಜನ ಎದ್ದು ನಡೆಯುವ ಹೊತ್ತಿಗೆ ಕತ್ತಲೆ. ಒಂದು ಬೆಳಗಿನ ಜಾವ ಸಭಾಭವನದ ಮೆಟ್ಟಿಲಲ್ಲಿ ಒಬ್ಬರು ಎಡವಿದರು. ದೊಡ್ಡ ಪೆಟ್ಟೇನೂ ಆಗಲಿಲ್ಲ, ಆದರೆ ಸುದ್ದಿ ಮಾತ್ರ ಪ್ರತಿ ಮನೆಗೂ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 65 ದಾಟಿದವರಲ್ಲಿ ಪ್ರತಿವರ್ಷ ಶೇಕಡಾ 28ರಿಂದ 35 ಮಂದಿ ಬೀಳುತ್ತಾರೆ. ಅಲ್ಲಿದ್ದವರಿಗೆ ಆ ಅಂಕಿ ಗೊತ್ತಿರಬೇಕಾಗಿರಲಿಲ್ಲ. ಬಿದ್ದು ಹಾಸಿಗೆ ಹಿಡಿದವರು ಅವರ ಪರಿಚಯದವರಲ್ಲೇ ಇದ್ದರು.

ಆಮೇಲೆ ಸಭೆ. ಎಂಜಿನಿಯರ್ ಮಹಾಶಯರು ಬೆಳಕು ಅಳೆಯುವ ಲಕ್ಸ್ ಮೀಟರ್ ತಂದು, ಹಳೆಯ ದೀಪಗಳಿಗಿಂತ ಕಂಬದ ಬುಡದಲ್ಲಿ ಎಷ್ಟು ಪಟ್ಟು ಬೆಳಕು ಹೆಚ್ಚಾಗಿದೆ ಎಂದು ಪರದೆಯ ಮೇಲೆ ತೋರಿಸಿದರು. ಹಿಂದಿನ ಸಾಲಿನಿಂದ ಒಬ್ಬ ನಿವೃತ್ತ ಶಿಕ್ಷಕಿ ಎದ್ದು ನಿಂತು, “ನೀವು ಮೀಟರ್ ತೋರಿಸ್ತೀರಿ, ನಾನು ನನ್ನ ಕಾಲು ತೋರಿಸ್ತೀನಿ. ಯಾವುದನ್ನ ನಂಬ್ತೀರಿ?” ಎಂದರಂತೆ. ಸಭೆ ಅಲ್ಲಿಗೇ ಎರಡು ಪಾಳಯವಾಯಿತು. ದೀಪದ ಬಗ್ಗೆ ಏನು ಹೇಳಿದರೂ ‘ಸೋಲಾರ್ ವಿರೋಧಿ’ ಎಂಬ ಹಣೆಪಟ್ಟಿ. ಎಂಜಿನಿಯರರು ನನ್ನ ಬಳಿಯೂ ನೊಂದು ಹೇಳಿಕೊಂಡರು: “ಎಲ್ಲರೂ ಸೇರಿ ಹಳೇ ಕಾಲಕ್ಕೆ ಹೋಗೋಣ ಅಂತಾರಲ್ರೀ.” ನಿಜಕ್ಕೂ ಹಾಗೆಂದವರು ಒಬ್ಬರೂ ಇರಲಿಲ್ಲ. ನಾನು ಮಾತಾಡಿಸಿದ ಪ್ರತಿಯೊಬ್ಬರಿಗೂ ಸೂರ್ಯನಿಂದ ದೀಪ ಉರಿಯುವುದು ಇಷ್ಟವೇ. ಆ ದೀಪ ತಮ್ಮ ಮೇಲೆ ಬೀಳುವ ಬಗೆಯಷ್ಟೇ ಅವರಿಗೆ ಕಷ್ಟವಾಗಿತ್ತು. ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳಲು ಆ ಸಭೆಯಲ್ಲಿ ಜಾಗವಿರಲಿಲ್ಲ. ಪರಿಸರದ ಪರವಾದ ಯೋಜನೆಗಳಲ್ಲಿ ಇದನ್ನು ನಾನು ಬೇರೆಡೆಯೂ ಕಂಡಿದ್ದೇನೆ. ಉದ್ದೇಶ ಒಳ್ಳೆಯದಿದ್ದಷ್ಟೂ ದೂರು ಹೇಳಲು ಜನ ಸಂಕೋಚಪಡುತ್ತಾರೆ.

ಒಂದು ರಾತ್ರಿಯ ನಡಿಗೆ

ನಾನೂ ಮೊದಲು ಮೀಟರ್ ಹಿಡಿದೇ ಸುತ್ತಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮೂರು ರಾತ್ರಿ ಅಳೆದು ಒಂದು ನಕ್ಷೆ ಮಾಡಿದೆ. ಬುಡದಲ್ಲಿ ಬೆಳಕಿನ ಕೊಳ, ಎರಡು ಕಂಬಗಳ ನಡುವೆ ಕತ್ತಲ ಗುಂಡಿ. ನಕ್ಷೆ ತಪ್ಪಿರಲಿಲ್ಲ, ಆದರೆ ‘ನಾನು ಹೋದಾಗ ಹೊತ್ತಿಕೊಳ್ಳುವುದಿಲ್ಲ’ ಎಂಬ ದೂರಿಗೆ ಅದರಲ್ಲಿ ಉತ್ತರವಿರಲಿಲ್ಲ. ಪೂರ್ತಿ ಉರಿಸುವ ಪ್ರಯೋಗ ಕೈಬಿಟ್ಟ ಮೇಲೆ ದೀಪಗಳು ಮತ್ತೆ ಹಳೆಯ ಕ್ರಮಕ್ಕೆ ಬಂದಿದ್ದವು: ಯಾರೂ ಇಲ್ಲದಾಗ ಶೇಕಡಾ 20, ಯಾರಾದರೂ ಬಂದರೆ ಪೂರ್ತಿ. ನಾನು ಯಾವ ಕಂಬದ ಕೆಳಗೆ ಹೋದರೂ ಅದು ಥಟ್ಟನೆ ಬೆಳಗುತ್ತಿತ್ತು.

ನಾಲ್ಕನೇ ರಾತ್ರಿ, ಆ ದೂರು ಬರೆದ ಮೂವರಲ್ಲಿ ಒಬ್ಬರನ್ನು ಜೊತೆಗೆ ಬರಲು ಕೇಳಿಕೊಂಡೆ. 80ರ ಆಸುಪಾಸಿನವರು, ವಾಕರ್ ಹಿಡಿದು ನಡೆಯುವವರು. “ನೀವು ಹಿಂದೆ ಇರಿ, ನಾನೊಬ್ಬಳೇ ಹೋಗ್ತೀನಿ” ಎಂದರು. ಹೋದರು. ವಾಕರ್ ಎತ್ತಿ ಮುಂದಿಡುವುದು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನಿಲ್ಲುವುದು. ಕಂಬದ ಕೆಳಗೆ ಬಂದರೂ ದೀಪ ಮಂಕಾಗಿಯೇ ಇತ್ತು. ಕಂಬ ದಾಟಿದರು, ಆಗಲೂ ಹಾಗೆಯೇ. ನಾನು ಬೆರಗಾಗಿ ಎರಡು ಹೆಜ್ಜೆ ಮುಂದೆ ಹಾಕಿದೆನೋ ಇಲ್ಲವೋ, ದೀಪ ಪೂರ್ತಿ ಹೊತ್ತಿಕೊಂಡಿತು. ಅವರು ತಿರುಗಿ ನೋಡಿದರು.

“ಕಂಡ್ರಾ? ನೀವು ಬಂದ್ರೆ ಎದ್ದು ನಿಲ್ಲುತ್ತೆ. ನಾನು ಅದರ ಕಣ್ಣಿಗೆ ಬೀಳೋದೇ ಇಲ್ಲ ಕಣಪ್ಪಾ.”

ಕಾರಣ ಸೆನ್ಸರಿನ ಗುಣದಲ್ಲೇ ಇದೆ. ಅದು ಮನುಷ್ಯನನ್ನು ಗುರುತಿಸುವುದಿಲ್ಲ; ಮೈಯ ಶಾಖ ಒಂದು ವಲಯದಿಂದ ಪಕ್ಕದ ವಲಯಕ್ಕೆ ಸರಿದಾಗ ಆಗುವ ಬದಲಾವಣೆಯನ್ನು ಗುರುತಿಸುತ್ತದೆ. ಅಡ್ಡಲಾಗಿ, ಬಿರುಸಾಗಿ ಸಾಗಿದರೆ ಬದಲಾವಣೆ ದೊಡ್ಡದು. ನೇರವಾಗಿ ಅದರ ಕಡೆಗೇ, ತೀರ ನಿಧಾನವಾಗಿ ಬಂದರೆ ಬದಲಾವಣೆ ಹಿನ್ನೆಲೆಯಲ್ಲೇ ಕರಗಿಬಿಡುತ್ತದೆ. ದಪ್ಪ ಶಾಲು ಹೊದ್ದಿದ್ದರೆ ಶಾಖವೂ ಅಷ್ಟಾಗಿ ಹೊರಬೀಳುವುದಿಲ್ಲ. ಅಲ್ಲಿನ ಸೆನ್ಸರುಗಳೆಲ್ಲ ಎತ್ತರದಲ್ಲಿ, ದಾರಿಯ ಉದ್ದಕ್ಕೆ ಮುಖ ಮಾಡಿದ್ದವು. ಬೆಳಕು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರನ್ನೇ ಕಾಣದ ಏರ್ಪಾಡು. ನಾಯಿ ಓಡಿದರೆ, ಕಾರು ಹಾದರೆ, ಕಾವಲುಗಾರ ಸೈಕಲ್ ತುಳಿದರೆ ಹೊತ್ತಿಕೊಳ್ಳುತ್ತಿತ್ತು.

ಅಂದು ಅವರ ಜೊತೆ ಅರ್ಧ ಸುತ್ತು ನಡೆದೆ. ಸಾಮಾನ್ಯವಾಗಿ ಎಂಟು ನಿಮಿಷದ ದಾರಿಗೆ ನಲವತ್ತು ನಿಮಿಷ ಹಿಡಿಯಿತು. ಅಷ್ಟು ನಿಧಾನಕ್ಕೆ ನಡೆದಾಗ ದಾರಿಯೇ ಬೇರೆಯಾಗಿ ಕಂಡಿತು. ಕಂಬದ ಕೆಳಗಿನ ಪ್ರಖರ ಬೆಳಕಿನಿಂದ ನಡುವಿನ ಕತ್ತಲೆಗೆ ಬಂದಾಗ ಅವರು ಪ್ರತಿ ಸಲವೂ ನಿಲ್ಲುತ್ತಿದ್ದರು. ಸುಸ್ತಿಗಾಗಿ ಅಂದುಕೊಂಡಿದ್ದೆ. ಕೇಳಿದರೆ, “ಕಣ್ಣು ಬರಲಿ ಅಂತ ಕಾಯ್ತೀನಿ” ಎಂದರು. ಅದಕ್ಕಿಂತ ನಿಖರವಾಗಿ ನಾನು ಹೇಳಲಾರೆ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. 60ರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವುದು 20ರ ಕಣ್ಣಿಗೆ ತಲುಪುವ ಬೆಳಕಿನ ಸುಮಾರು ಮೂರರಲ್ಲೊಂದು ಪಾಲು. ಕತ್ತಲೆಗೆ ಹೊಂದಿಕೊಳ್ಳಲೂ ಹೆಚ್ಚು ಹೊತ್ತು ಬೇಕು. ಜೊತೆಗೆ ಪೊರೆ ಬೆಳೆಯುತ್ತಿದ್ದರೆ ಎದುರಿನಿಂದ ಬರುವ ಬೆಳಕು ಕಣ್ಣೊಳಗೇ ಚದುರಿ, ಮುಂದಿರುವುದೆಲ್ಲ ಮಂಜಿನ ಹಿಂದೆ ಅಡಗುತ್ತದೆ. ಆ ಪುಟದ ಎರಡು ದೂರುಗಳು ಒಂದೇ ದೂರಿನ ಎರಡು ಮುಖ. ದೀಪದ ಕಡೆ ನೋಡಿದಾಗ ವಿಪರೀತ, ಕಾಲಿನ ಕಡೆ ನೋಡಿದಾಗ ಸಾಲದು.

ಮರಳಿ ಬರುವಾಗ ಒಂದು ಮನೆಯ ಮುಂದಿನ ಕಂಬಕ್ಕೆ ಹಳೆಯ ಕೊಡೆಯ ಬಟ್ಟೆಯನ್ನು ಕಿಟಕಿಯ ಕಡೆಗೆ ಮರೆಯಾಗುವಂತೆ ಕಟ್ಟಿದ್ದು ಕಂಡಿತು. ಸಮಿತಿಯ ದಾಖಲೆಯಲ್ಲಿ ಅದು ‘ಆಸ್ತಿಗೆ ಹಾನಿ’ ಎಂದು ಸೇರಿತ್ತು, ಮನೆಯವರಿಗೆ ಎಚ್ಚರಿಕೆ ಪತ್ರವೂ ಹೋಗಿತ್ತು. ನಾನು ಅದರ ಅಳತೆ ತೆಗೆದುಕೊಂಡೆ. ಎಷ್ಟು ಅಗಲ, ಎಷ್ಟು ಕೆಳಕ್ಕೆ ಇಳಿಬಿಟ್ಟರೆ ಕಿಟಕಿಗೆ ಬೆಳಕು ತಪ್ಪಿ ದಾರಿಗೆ ಉಳಿಯುತ್ತದೆ ಎಂಬುದನ್ನು ಆ ಮನೆಯವರು ರಾತ್ರಿ ರಾತ್ರಿ ಪ್ರಯತ್ನಿಸಿ ಕಂಡುಕೊಂಡಿದ್ದರು. ಮುಂದೆ ನಾವು ಮಾಡಿಸಿದ ತಗಡಿನ ಮರೆಗಳು ಹೆಚ್ಚುಕಡಿಮೆ ಅದೇ ಅಳತೆಯವು.

ಬದಲಿಸಿದ್ದು

ನಡೆಯುವ ದಾರಿಯಲ್ಲಿ ಸೆನ್ಸರುಗಳನ್ನು ನಿಲ್ಲಿಸಿದೆವು. ಕಾರು ನಿಲ್ಲಿಸುವ ಜಾಗದಲ್ಲಿ ಮಾತ್ರ ಉಳಿಸಿಕೊಂಡೆವು. ಇದಕ್ಕೆ ಎಂಜಿನಿಯರರು ಕೊನೆಯವರೆಗೂ ಒಪ್ಪಲಿಲ್ಲ, ವಿದ್ಯುತ್ ಉಳಿಸುವ ಅಂಶವನ್ನೇ ಕಿತ್ತು ಹಾಕಿದಿರಿ ಎಂದರು. ಅವರ ವಾದದಲ್ಲಿ ಹುರುಳಿತ್ತು, ಆದ್ದರಿಂದ ಉಳಿತಾಯವನ್ನು ಬೇರೆ ಕಡೆಯಿಂದ ತರಬೇಕಾಯಿತು. ದೀಪದ ತಲೆಗಳನ್ನು 3,000 ಕೆಲ್ವಿನ್ನಿನ ಬೆಚ್ಚನೆಯ ಬಣ್ಣಕ್ಕೆ ಬದಲಿಸಿ, ಮರೆ ಹಾಕಿ, ಬೆಳಕೆಲ್ಲ ನೆಲಕ್ಕೇ ಬೀಳುವಂತೆ ಮಾಡಿದ ಮೇಲೆ ಪೂರ್ತಿ 15 ವ್ಯಾಟ್ ಬೇಕೆನಿಸಲಿಲ್ಲ. ಸಂಜೆ ನಾಲ್ಕು ಗಂಟೆ ಕಾಲ 9 ವ್ಯಾಟ್, ನಡುರಾತ್ರಿಯ ಆರು ಗಂಟೆ 4.5 ವ್ಯಾಟ್, ನಾಲ್ಕೂವರೆಯಿಂದ ಮತ್ತೆ 9. ಒಟ್ಟು 81 ವ್ಯಾಟ್-ಅವರ್. ಅದೇ ಬ್ಯಾಟರಿ ಈಗ ಮೋಡ ಕವಿದ ಒಂದು ದಿನವನ್ನು ದಾಟಿ ಎರಡನೇ ರಾತ್ರಿಯನ್ನೂ ಬಹುಪಾಲು ಕಳೆಯುತ್ತದೆ. ಈ ಲೆಕ್ಕ ತೋರಿಸಿದಾಗ ಎಂಜಿನಿಯರರು ಕಾಗದ ತಮ್ಮ ಕಡೆ ಎಳೆದುಕೊಂಡು ತಾವೇ ಇನ್ನೊಮ್ಮೆ ಕೂಡಿದರು. ಏನೂ ಹೇಳಲಿಲ್ಲ.

ಬಣ್ಣದ ವಿಚಾರದಲ್ಲಿ ನನಗೊಂದು ಆಸರೆಯಿತ್ತು. 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘ, ಹೊರಾಂಗಣ ಎಲ್‌ಇಡಿ 3,000 ಕೆಲ್ವಿನ್ ಅಥವಾ ಅದಕ್ಕಿಂತ ಕೆಳಗಿರಲಿ ಎಂದು ಸಲಹೆ ನೀಡಿತ್ತು. ರಾತ್ರಿಯ ನೀಲಿ ಬೆಳಕು ನಿದ್ದೆಗೆ ಬೇಕಾದ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ ಎಂಬುದು ಅದರ ಹಿಂದಿನ ಕಾರಣಗಳಲ್ಲೊಂದು. ಆದರೂ ಕಾಗದದ ಮೇಲೆ ಒಪ್ಪಿಸುವ ಬದಲು ಎರಡು ಅಕ್ಕಪಕ್ಕದ ಕಂಬಗಳಲ್ಲಿ ಎರಡು ಬಣ್ಣ ಹಾಕಿ ಹತ್ತು ದಿನ ಬಿಟ್ಟೆವು. ಕಿಟಕಿಯ ದೂರಿನವರು ತಕ್ಷಣ ಬೆಚ್ಚನೆಯದನ್ನು ಆರಿಸಿದರು. ಕೆಲವರಿಗೆ ಅದು ‘ಮಂಕು’ ಅನಿಸಿತು, ಇಂದಿಗೂ ಅನಿಸುತ್ತದೆ.

ಮರದ್ದು ಬೇರೆಯದೇ ರಾಮಾಯಣ. ನೆರಳಿನಲ್ಲಿ ಸಿಕ್ಕಿಕೊಂಡ 11 ಕಂಬಗಳಿಗಾಗಿ ರೆಂಬೆ ಕಡಿಯೋಣ ಎಂಬ ಸಲಹೆ ಬಂದದ್ದೇ ತಡ, ದೀಪದ ಬಗ್ಗೆ ಒಂದಕ್ಷರ ಆಡದಿದ್ದವರೂ ಎದ್ದು ನಿಂತರು. ಆ ಮರಗಳನ್ನು ನೆಟ್ಟವರಲ್ಲಿ ಕೆಲವರು ಅಲ್ಲೇ ಇದ್ದರು. ಕೊನೆಗೆ ಆ 11ಕ್ಕೆ ಡಬ್ಬಿಯ ಮಾದರಿಯನ್ನೇ ಬಿಟ್ಟು, ಪ್ಯಾನೆಲ್ಲುಗಳನ್ನು ಸಭಾಭವನದ ಮಾಡಿನ ಮೇಲೆ ಬಿಸಿಲಿಗಿಟ್ಟು, ದಾರಿಯಂಚಿನಲ್ಲಿ ಆಳವಿಲ್ಲದ ಕಾಲುವೆ ತೋಡಿ ತಂತಿ ಎಳೆದೆವು. ಕಡಿಮೆ ವೋಲ್ಟೇಜಿನಲ್ಲಿ ತಂತಿ ಉದ್ದವಾದಷ್ಟೂ ವೋಲ್ಟೇಜು ದಾರಿಯಲ್ಲೇ ಸೋರುತ್ತದೆ, ಹಾಗಾಗಿ ದಪ್ಪ ತಂತಿ ಬೇಕಾಯಿತು. ಯಾವ ಅಗೆತವನ್ನು ತಪ್ಪಿಸಲು ಸೋಲಾರ್ ಹಾಕಿದ್ದರೋ ಆ ಅಗೆತ ಅಷ್ಟಿಷ್ಟು ಮತ್ತೆ ಬಂತು.

ಮೆಟ್ಟಿಲುಗಳಿಗೆ ಮೊಣಕಾಲೆತ್ತರದ ಚಿಕ್ಕ ದೀಪ, ಪ್ರತಿ ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ. ಇಡೀ ಕೆಲಸದಲ್ಲಿ ತೀರ ಅಗ್ಗವಾದದ್ದು ಆ ಪಟ್ಟಿ, ಎಲ್ಲಕ್ಕಿಂತ ಹೆಚ್ಚು ಹೊಗಳಿಸಿಕೊಂಡದ್ದೂ ಅದೇ.

ಆದದ್ದು, ಆಗದ್ದು

ದೂರುಗಳು ಇಳಿದವು. ಅದಕ್ಕಿಂತ ನಾನು ಎಣಿಸುತ್ತಿದ್ದದ್ದು ಸಂಜೆ ನಡೆಯುವವರನ್ನು. ಮೊದಲ ತಿಂಗಳು ಏನೂ ವ್ಯತ್ಯಾಸವಿರಲಿಲ್ಲ, ಮೂರನೇ ತಿಂಗಳ ಹೊತ್ತಿಗೆ ಗುಂಪುಗಳು ಮತ್ತೆ ಕಾಣಿಸಿಕೊಂಡವು. ಎಲ್ಲರೂ ಮರಳಲಿಲ್ಲ. ಒಳಗುಳಿಯುವುದು ಒಮ್ಮೆ ರೂಢಿಯಾದರೆ ಆ ವಯಸ್ಸಿನಲ್ಲಿ ಕಾಲಿನ ಬಲವೂ ಇಳಿದಿರುತ್ತದೆ. ಸಭೆಯಲ್ಲಿ ಕಾಲು ತೋರಿಸುತ್ತೇನೆ ಎಂದಿದ್ದ ಶಿಕ್ಷಕಿ ಈಗ ವರಾಂಡದಲ್ಲೇ ಕೂರುತ್ತಾರೆ. ಕಳೆದುಹೋದ ಆ ಐದಾರು ತಿಂಗಳನ್ನು ಯಾವ ಕೆಲ್ವಿನ್ನಿನ ದೀಪವೂ ಮರಳಿಸಲಿಲ್ಲ.

ಮತ್ತೆ ಮಾಡುವುದಾದರೆ ನಾನು ಎರಡು ಕೆಲಸವನ್ನು ಬೇರೆ ರೀತಿ ಮಾಡುತ್ತೇನೆ. 42 ಕಂಬ ನಿಲ್ಲಿಸುವ ಮೊದಲು ಎರಡನ್ನು ನಿಲ್ಲಿಸಿ, ಅಲ್ಲಿ ಎಲ್ಲರಿಗಿಂತ ನಿಧಾನಕ್ಕೆ ನಡೆಯುವವರನ್ನು ಅದರ ಕೆಳಗೆ ನಡೆಸಿ ನೋಡುತ್ತೇನೆ. ದೂರು ಪುಸ್ತಕ ಓದುವಾಗ ‘ಸಾಲದು’ ಎಂಬ ಮಾತು ಕಂಡಲ್ಲೆಲ್ಲ ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಕಡೆ ಮುಖ ಮಾಡಿದ್ದಾಗ ಎಂದು ಹೋಗಿ ಕೇಳುತ್ತೇನೆ. ಪ್ಯಾನೆಲ್ ಒರೆಸುವವರು ಯಾರು ಎಂಬ ಪ್ರಶ್ನೆ ಮಾತ್ರ ನನ್ನ ಕಾಲದಲ್ಲೂ ಬಗೆಹರಿಯಲಿಲ್ಲ. ಉದ್ದ ಕೋಲಿನ ಬ್ರಷ್ ಕೊಡಿಸಿದ್ದೇವೆ, ಅದು ಉಗ್ರಾಣದಲ್ಲಿದೆ. ಹಕ್ಕಿಗಳು ತಮ್ಮ ಕೆಲಸ ನಿಲ್ಲಿಸಿಲ್ಲ.

ವರ್ಷದ ಮೇಲೆ ಒಮ್ಮೆ ಹೋಗಿದ್ದಾಗ ವಾಕರಿನ ಅಮ್ಮ ಸಿಕ್ಕರು. ದೀಪ ಈಗ ಹೇಗಿದೆ ಎಂದು ಕೇಳಿದೆ.

“ಈಗ ಅದು ಯಾರನ್ನೂ ನೋಡೋದಿಲ್ಲ. ಸುಮ್ಮನೆ ಉರಿಯುತ್ತೆ” ಎಂದರು. ಆಮೇಲೆ ಹತ್ತೊಂಬತ್ತನೇ ಕಂಬದ ಕಡೆ ಕೈ ತೋರಿಸಿ, “ಅಲ್ಲೊಂದು ಬೆಂಚು ಹಾಕಿಸಿ ಅಂತ ಪುಸ್ತಕದಲ್ಲಿ ಬರೆದಿದ್ದೀನಿ. ಎರಡು ತಿಂಗಳಾಯ್ತು. ನೀವೂ ಒಂದು ಮಾತು ಹೇಳಿ” ಎಂದರು.